ಎನ್‌ಆರ್‌ಎ: ಒಂದೇ ರಾತ್ರಿಯಲ್ಲಿ ದಾರಿ ಬದಲಿಸಿದ ಬಂದೂಕು ಸಂಘ

ಅಮೆರಿಕದಲ್ಲಿ ದೊಡ್ಡ ಗುಂಡಿನ ದಾಳಿ ನಡೆದಾಗಲೆಲ್ಲ ನ್ಯಾಷನಲ್ ರೈಫಲ್ ಅಸೋಸಿಯೇಷನ್ (ಎನ್‌ಆರ್‌ಎ) ಹೆಸರು ಬಂದೇ ಬರುತ್ತದೆ. ಬಂದೂಕಿಗೆ ಹೊಸ ಕಾನೂನು ಅಂದರೆ ಸಾಕು, ಎನ್‌ಆರ್‌ಎ ಅಡ್ಡ ನಿಲ್ಲುತ್ತದೆ. ಆದರೆ ಹುಟ್ಟಿದ ಮೇಲೆ ಸುಮಾರು ನೂರು ವರ್ಷ ಅದು ಇಷ್ಟು ಹಟಮಾರಿ ಆಗಿರಲಿಲ್ಲ.

ಅಂತರ್ಯುದ್ಧದಲ್ಲಿ ತಮ್ಮ ಸೈನಿಕರಿಗೆ ನೆಟ್ಟಗೆ ಗುರಿ ಇಡಲೂ ಬರುತ್ತಿರಲಿಲ್ಲ ಅನ್ನೋದು ಉತ್ತರದ ಕಡೆಯ ಅಧಿಕಾರಿಗಳ ಕೊರಗಾಗಿತ್ತು. ಅಂಥ ಇಬ್ಬರು, ವಿಲಿಯಂ ಚರ್ಚ್ ಮತ್ತು ಜಾರ್ಜ್ ವಿಂಗೇಟ್, 1871ರಲ್ಲಿ ನ್ಯೂಯಾರ್ಕಿನಲ್ಲಿ ಸಂಘ ಕಟ್ಟಿದರು. ರಾಜ್ಯ ಸರ್ಕಾರವೂ ದುಡ್ಡು ಕೊಟ್ಟಿತು. ಕ್ರೀಡ್‌ಮೋರ್‌ನಲ್ಲಿ ಶೂಟಿಂಗ್ ಮೈದಾನ ತಯಾರಾಯಿತು. 1874ರಲ್ಲಿ ಅಲ್ಲಿ ಅಮೆರಿಕನ್ನರು ಐರ್ಲೆಂಡ್ ತಂಡವನ್ನು ಬರೀ 3 ಪಾಯಿಂಟ್‌ನಿಂದ ಸೋಲಿಸಿದರು.

1934ರಲ್ಲಿ ಮಷೀನ್ ಗನ್‌ಗಳ ಮೇಲೆ ಕಾನೂನು ಬರುವಾಗ ಸಂಘದ ಅಧ್ಯಕ್ಷ ಕಾರ್ಲ್ ಫ್ರೆಡರಿಕ್ ಸಂಸತ್ ಸಮಿತಿಯ ಮುಂದೆ ಕೂತು, ಕಂಡಕಂಡವರೆಲ್ಲ ಬಂದೂಕು ಹೊತ್ತು ತಿರುಗೋದರಲ್ಲಿ ತನಗೆ ನಂಬಿಕೆಯಿಲ್ಲ, ಲೈಸೆನ್ಸ್ ಬೇಕು ಎಂದಿದ್ದರು. ಹಾಗಂತ ಸಂಘ ಪೂರ್ತಿ ಸಾಧು ಏನಲ್ಲ. ಆ ಕಾನೂನಿನಿಂದ ಪಿಸ್ತೂಲುಗಳನ್ನು ಹೊರಗಿಡಿಸಿದ್ದರಲ್ಲಿ ಅದರ ಕೈವಾಡವೂ ಇತ್ತು.

ಕೆನಡಿಯನ್ನು ಕೊಂದ ಆಸ್ವಾಲ್ಡ್ ರೈಫಲ್ ತರಿಸಿಕೊಂಡಿದ್ದು ಅಂಚೆಯಲ್ಲಿ. ಅದರ ಜಾಹೀರಾತು ಬಂದಿದ್ದು ಎನ್‌ಆರ್‌ಎಯದ್ದೇ ಪತ್ರಿಕೆಯಲ್ಲಿ! 1968ರ ಕಾನೂನು ಇಂಥ ಮಾರಾಟಕ್ಕೆ ತಡೆ ಹಾಕಿತು. ಸಂಘದ ನಾಯಕ ಫ್ರ್ಯಾಂಕ್ಲಿನ್ ಆರ್ತ್, ಇದರ ಜೊತೆ ನಾವು ಬಾಳಬಹುದು ಅಂದರು. ಸದಸ್ಯರಲ್ಲಿ ಒಂದು ಗುಂಪಿಗೆ ಈ ಮಾತು ಹಿಡಿಸಲಿಲ್ಲ.

ಸಿಟ್ಟು ಒಳಗೊಳಗೇ ಬೆಳೆಯಿತು. 1976ರಲ್ಲಿ ಹಳೆಯ ನಾಯಕರು ಹತ್ತಾರು ನೌಕರರನ್ನು ಮನೆಗೆ ಕಳಿಸಿದರು. ವಾಷಿಂಗ್ಟನ್ ಬಿಟ್ಟು ಕೊಲರಾಡೊಗೆ ಹೋಗಿ, ಬೇಟೆ, ಪರಿಸರ ಅಂತ ಇದ್ದುಬಿಡೋಣ ಅನ್ನೋದು ಅವರ ಲೆಕ್ಕಾಚಾರ. ಮರುವರ್ಷ ಮೇ 21ರಂದು ಸಿನ್ಸಿನಾಟಿಯಲ್ಲಿ ವಾರ್ಷಿಕ ಸಭೆ. ಬಂಡಾಯಗಾರರು ಬೇಟೆಗಾರರ ಕಿತ್ತಳೆ ಟೋಪಿ ಹಾಕಿಕೊಂಡು, ವಾಕಿ-ಟಾಕಿ ಹಿಡಿದು ಬಂದರು. ನೀಲ್ ನಾಕ್ಸ್ ಮುಂದಾಳು. ಇದು ಕೂಗಾಟದಿಂದ ಗೆದ್ದ ಜಗಳ ಅಂದುಕೊಳ್ಳಬೇಡಿ. ನಿಯಮಾವಳಿಯನ್ನೇ ಹಿಡಿದು, ತಿದ್ದುಪಡಿ ಮೇಲೆ ತಿದ್ದುಪಡಿ ತಂದು, ನಾಯಕನನ್ನು ಆರಿಸುವ ಹಕ್ಕನ್ನು ಸದಸ್ಯರ ಕೈಗೆ ಕೊಡಿಸಿದರು. ಸಭೆ ಮುಗಿದಾಗ ಬೆಳಗಿನ ಜಾವ. ಹಳಬರು ಹೊರಗೆ, ಒಂದು ಕಾಲದ ಗಡಿ ಪೊಲೀಸ್ ಮುಖ್ಯಸ್ಥ ಹಾರ್ಲನ್ ಕಾರ್ಟರ್ ಒಳಗೆ. ಕೊಲರಾಡೊ ಯೋಜನೆ ಅಲ್ಲಿಗೇ ನಿಂತಿತು.

ಇವತ್ತು ನಾವು ನೋಡುವ ಎನ್‌ಆರ್‌ಎಯ ನಿಜವಾದ ಹುಟ್ಟು 1871ರದ್ದಲ್ಲ, ಈ ರಾತ್ರಿಯದ್ದು ಅಂತ ನನಗನಿಸುತ್ತದೆ. 1980ರಲ್ಲಿ ಅದು ಮೊದಲ ಸಲ ಅಧ್ಯಕ್ಷ ಚುನಾವಣೆಯ ಅಭ್ಯರ್ಥಿಯೊಬ್ಬರಿಗೆ, ಅಂದರೆ ರೇಗನ್‌ಗೆ, ಬೆಂಬಲ ಘೋಷಿಸಿತು. 1986ರಲ್ಲಿ 1968ರ ಕಾನೂನನ್ನೇ ಸಡಿಲ ಮಾಡಿಸಿತು. 1991ರಿಂದ ಚುಕ್ಕಾಣಿ ವೇಯ್ನ್ ಲಾಪಿಯೇರ್ ಕೈಗೆ ಬಂತು. 1995ರಲ್ಲಿ ಸಂಘದ ಪತ್ರವೊಂದು ಸರ್ಕಾರಿ ಅಧಿಕಾರಿಗಳನ್ನು ಗೂಂಡಾಗಳೆಂದು ಬೈದಾಗ ಹಿರಿಯ ಬುಷ್ ತಮ್ಮ ಆಜೀವ ಸದಸ್ಯತ್ವವನ್ನೇ ಬಿಟ್ಟರು.

ಹೊಡೆತ ಬಿದ್ದಿದ್ದು ಮಾತ್ರ ಬಂದೂಕಿನ ವಿಷಯಕ್ಕಲ್ಲ, ದುಡ್ಡಿನ ವಿಷಯಕ್ಕೆ. ಸಂಘದ ನೋಂದಣಿ ನ್ಯೂಯಾರ್ಕಿನದ್ದು. ಹಾಗಾಗಿ 2020ರಲ್ಲಿ ಅಲ್ಲಿನ ಅಟಾರ್ನಿ ಜನರಲ್, ನಾಯಕರು ಸಂಘದ ದುಡ್ಡನ್ನು ದುರುಪಯೋಗ ಮಾಡಿದ್ದಾರೆ ಅಂತ ಕೇಸು ಹಾಕಿದರು. 2024ರ ಫೆಬ್ರುವರಿಯಲ್ಲಿ ಜ್ಯೂರಿ ಲಾಪಿಯೇರ್ 43 ಲಕ್ಷ ಡಾಲರ್‌ಗೂ ಜಾಸ್ತಿ ವಾಪಸ್ ಕೊಡಬೇಕು ಎಂದಿತು. ಅಷ್ಟರಲ್ಲಿ ಅವರು ರಾಜೀನಾಮೆ ಕೊಟ್ಟಾಗಿತ್ತು. ಅದೇ ವರ್ಷ ಮೇನಲ್ಲಿ ಇನ್ನೊಂದು ಕೇಸಿನಲ್ಲಿ, ನ್ಯೂಯಾರ್ಕಿನ ಅಧಿಕಾರಿಯೊಬ್ಬರು ಎನ್‌ಆರ್‌ಎ ಜೊತೆ ವ್ಯವಹಾರ ಬಿಡುವಂತೆ ವಿಮಾ ಕಂಪನಿಗಳ ಮೇಲೆ ಒತ್ತಡ ಹಾಕಿದರು ಅನ್ನುವ ದೂರಿನಲ್ಲಿ ಹುರುಳಿದೆ ಎಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಅಲ್ಲಿ ಎನ್‌ಆರ್‌ಎ ಪರ ವಾದಿಸಿದ್ದು ಯಾರು ಗೊತ್ತಾ? ಉದಾರವಾದಿಗಳ ಅಚ್ಚುಮೆಚ್ಚಿನ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು.