ಸ್ಪಿಲ್‌ವಿಲ್‌ನ ಕಲ್ಲು, ಸುಣ್ಣ, ಗಡಿಯಾರ

ಹಳೆಯ ಕಟ್ಟಡಗಳ ದುರಸ್ತಿ ನನ್ನ ಕಸುಬು. ಊರಿಗೆ ಬಂದಾಗಲೆಲ್ಲ ನೆಂಟರು ಕೇಳುತ್ತಾರೆ: ‘ಅಮೆರಿಕದಲ್ಲಿ ಹಳೆಯದು ಅಂತ ಏನಿದೆ ಮಾರಾಯರೇ?’ ಹಂಪಿಯ ಪಕ್ಕದವರ ಪ್ರಶ್ನೆ, ತಪ್ಪೇನಿಲ್ಲ. ನಾನು ಸ್ಪಿಲ್‌ವಿಲ್ ಎನ್ನುತ್ತೇನೆ.

ಅಯೋವಾ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಟರ್ಕಿ ನದಿಯ ದಂಡೆಯಲ್ಲಿರುವ ಈ ಊರಿನ ಜನ ನಾನೂರಕ್ಕೂ ಕಡಿಮೆ. ಬೊಹೀಮಿಯಾದಿಂದ ಬಂದ ಚೆಕ್ ರೈತರು 1860ರಲ್ಲಿ ಇಲ್ಲಿ ಸೇಂಟ್ ವೆನ್ಸೆಸ್ಲಾಸ್ ಚರ್ಚನ್ನು ಸುಣ್ಣಕಲ್ಲಿನಲ್ಲಿ ಕಟ್ಟಿದರು. ಪಕ್ಕದ ಸ್ಮಶಾನದ ತುಂಬ ಎರಕದ ಕಬ್ಬಿಣದ ಶಿಲುಬೆಗಳು. 1893ರ ಬೇಸಿಗೆಯಲ್ಲಿ ಚೆಕ್ ಸಂಗೀತ ಸಂಯೋಜಕ ಆಂಟೋನಿನ್ ಡ್ವೊರ್ಝಾಕ್ ಹೆಂಡತಿ, ಆರು ಮಕ್ಕಳೊಂದಿಗೆ ನ್ಯೂಯಾರ್ಕಿನಿಂದ ಬಂದು ಇಲ್ಲಿ ತಂಗಿದ್ದ. ಬೆಳಗ್ಗೆ ಈ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ. ‘ಅಮೆರಿಕನ್’ ಎಂದು ಹೆಸರಾದ ತಂತಿವಾದ್ಯ ಚತುಷ್ಕವನ್ನು (ನಾಲ್ಕು ತಂತಿವಾದ್ಯಗಳಿಗಾಗಿ ಬರೆದ ಕೃತಿ) ಜೂನ್ 8ಕ್ಕೆ ಆರಂಭಿಸಿ 23ಕ್ಕೆ ಮುಗಿಸಿದ.

ಪ್ರವಾಸಿಗರಿಗೆ ಡ್ವೊರ್ಝಾಕ್ ಸಾಕು. ನನ್ನ ಕಣ್ಣು ಮಾತ್ರ ಇಂಥ ಗೋಡೆಗಳಲ್ಲಿ ಕಲ್ಲಿನ ಸಂದುಗಳ ಮೇಲಿರುತ್ತದೆ. ಅಮೆರಿಕದಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟ್ (ಇಂದು ನಾವು ಬಳಸುವ ಮಾಮೂಲಿ ಸಿಮೆಂಟ್) ತಯಾರಾಗತೊಡಗಿದ್ದು 1870ರ ದಶಕದಲ್ಲಿ. ಅದಕ್ಕೂ ಹಿಂದಿನ ಗೋಡೆಗಳನ್ನು ಹಿಡಿದಿಟ್ಟಿದ್ದು ಹೆಚ್ಚಾಗಿ ಸುಣ್ಣದ ಗಾರೆ. ಬೆಲ್ಲದ ನೀರು ಬೆರೆಸಿ ಗಾರೆ ಅರೆದ ನಮ್ಮವರಿಗೆ ಅದರ ಗುಣ ಗೊತ್ತು: ಅದು ಕಲ್ಲಿಗಿಂತ ಮೆದು. ಗೋಡೆ ಕುಡಿದ ನೀರು ಸಂದಿನಿಂದಲೇ ಆರಿ ಹೊರಹೋಗುತ್ತದೆ. ನೂರು ವರ್ಷಕ್ಕೆ ಸವೆಯುವುದು ಗಾರೆ, ಕಲ್ಲು ಉಳಿಯುತ್ತದೆ.

ಸವೆದ ಸಂದಿಗೆ ಸಿಮೆಂಟ್ ತುಂಬಿದರೆ ಲೆಕ್ಕ ತಲೆಕೆಳಗಾಗುತ್ತದೆ. ನೀರಿಗೆ ದಾರಿ ಮುಚ್ಚಿ, ಅದು ಕಲ್ಲಿನೊಳಗೇ ನಿಲ್ಲುತ್ತದೆ. ಅಯೋವಾದ ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಕಲ್ಲಿನ ಮುಖ ಹಪ್ಪಳದಂತೆ ಎದ್ದು ಬರುತ್ತದೆ. ಬೇರೊಂದು ಊರಿನಲ್ಲಿ ಇಂಥ ಗೋಡೆ ನೋಡಿದ್ದೆ: ಸಿಮೆಂಟಿನ ಗೆರೆಗಳು ಜೇನುಗೂಡಿನ ಹಾಗೆ ಮುಂದಕ್ಕೆ ಚಾಚಿ ನಿಂತಿದ್ದವು, ಕಲ್ಲು ಹಿಂದಕ್ಕೆ ಸರಿದಿತ್ತು. ದುರಸ್ತಿ ಮಾಡಿಸಿದ್ದವರು ಕಟ್ಟಡವನ್ನು ಪ್ರೀತಿಸುವವರೇ. ಅಲಕ್ಷ್ಯಕ್ಕಿಂತ ಇಂಥ ಅಕ್ಕರೆಗೇ ನಾನು ಹೆಚ್ಚು ಹೆದರುತ್ತೇನೆ.

ಸರ್ಕಾರ ತಡೆಯುವುದಿಲ್ಲವೇ? ನಮ್ಮಲ್ಲಿ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ಒಳಗೆ ಕಟ್ಟಡ ಕಟ್ಟುವುದಕ್ಕೆ ನಿಷೇಧವಿದೆ. ಅಲ್ಲಿ ರಾಷ್ಟ್ರೀಯ ಚಾರಿತ್ರಿಕ ತಾಣಗಳ ಪಟ್ಟಿಯಲ್ಲಿ ಹೆಸರಿದ್ದರೂ ಖಾಸಗಿ ಮಾಲೀಕ ಸ್ವಂತ ಹಣದಲ್ಲಿ ಕಟ್ಟಡ ಕೆಡವಿದರೆ ಆ ಪಟ್ಟಿ ತಡೆಯದು. ದುರಸ್ತಿ ವೆಚ್ಚದ ಶೇ 20ರಷ್ಟು ಕೇಂದ್ರ ತೆರಿಗೆ ರಿಯಾಯಿತಿ ಸಿಗುವುದು ಆದಾಯ ತರುವ ಕಟ್ಟಡಕ್ಕೆ; ಪ್ರಾರ್ಥನೆಗಷ್ಟೇ ಇರುವ ಚರ್ಚಿಗಲ್ಲ.

ಹಾಗಾಗಿ ಡ್ವೊರ್ಝಾಕ್ ತಂಗಿದ್ದ ಮನೆಯ ಕಥೆ ನನಗೆ ಇಷ್ಟ. ಅದನ್ನು ಕಾಯುತ್ತಿರುವುದು ಇಬ್ಬರು ಅವಿವಾಹಿತ ರೈತ ಸಹೋದರರ ಗಡಿಯಾರಗಳು. ಅವರ ಮನೆತನದ ಹೆಸರು ಬಿಲಿ. ಚೆಕ್ ಭಾಷೆಯಲ್ಲೂ ಅದರ ಅರ್ಥ ಬಿಳಿ! ಚಳಿಗಾಲದ ಬಿಡುವಿನಲ್ಲಿ ಕೆತ್ತಿದ ಆ ಮರದ ಗಡಿಯಾರಗಳಲ್ಲಿ ಒಂದಕ್ಕೆ 1928ರಲ್ಲಿ ಹೆನ್ರಿ ಫೋರ್ಡ್ ಹತ್ತು ಲಕ್ಷ ಡಾಲರ್ ಕೊಡಲು ಬಂದರೂ ಅವರು ಮಾರಲಿಲ್ಲ. ಕೊನೆಗೆ ಎಲ್ಲವನ್ನೂ ಊರಿಗೇ ಬಿಟ್ಟುಕೊಟ್ಟರು. ಈಗ ಕೆಳಗೆ ಗಡಿಯಾರಗಳು, ಮಹಡಿಯಲ್ಲಿ ಡ್ವೊರ್ಝಾಕ್ ನೆನಪು. ಗಡಿಯಾರದ ಮರಕ್ಕೆ ತೇವ ಆಗದು. ಆದ್ದರಿಂದ ಆ ಮನೆಯ ಸೂರು ಸೋರುವುದಕ್ಕೆ ಯಾರೂ ಬಿಡುವಂತಿಲ್ಲ.