ಸ್ಟಾರ್ ವಾರ್ಸ್‌ನ್ಯಾಗ ಖರೇ ಕಥಿ ಯಾವುದ್ರಿ, ಪುಸ್ತಕನೂ ಓದಬೇಕೇನು?

"ಅಣ್ಣಾರ, ನಾ ಸ್ಟಾರ್ ವಾರ್ಸ್ ಸಿನಿಮಾ ಎಲ್ಲಾ ನೋಡೀನಿ. ಮೊನ್ನೆ ಅಹ್ಸೋಕಾ ಸೀರೀಸ್ ಹಚ್ಚಿದೆ, ಅದ್ರಾಗ ಥ್ರಾನ್ ಅಂತ ನೀಲಿ ಮಾರಿಯವ ಒಬ್ಬ, ಎಲ್ಲಾರೂ ಅವನ ಹೆಸರು ಕೇಳಿದ್ರ ಹೆದರ್ತಾರ, ನನಗ ಅಂವ ಯಾರಂತ ಗೊತ್ತಿಲ್ಲ. ಪುಸ್ತಕದಾಗ ಅದಾನ ಅಂತ ಒಬ್ಬ ಹೇಳ್ದ, ಆ ಪುಸ್ತಕ ಈಗ ಲೆಕ್ಕಕ್ಕಿಲ್ಲ ಅಂತ ಇನ್ನೊಬ್ಬ. ಖರೇ ಕಥಿ ಯಾವುದು? ಪುಸ್ತಕ, ಕಾಮಿಕ್ಸ್, ಗೇಮು ಎಲ್ಲಾ ಮುಗಿಸಿ ಬರಬೇಕೇನು?"

ಜಮಖಂಡಿ ಕಡೆ ಹುಡುಗನ ಪ್ರಶ್ನೆ ಇದು. ಇದನ್ನ ಬ್ಯಾರೆ ಬ್ಯಾರೆ ರೀತಿಯೊಳಗ ಭಾಳ ಮಂದಿ ಕೇಳ್ಯಾರ, ಅದಕ್ಕ ಒಮ್ಮೆ ಕೂತು ಬರದಬಿಡೋಣ ಅಂತ.

ತಮ್ಮಾ, ಸಣ್ಣ ಉತ್ತರ ಮೊದ್ಲ ತಗೊ. ಪುಸ್ತಕ ಓದೂದ್ ಬ್ಯಾಡ. ನೀ ಬಿಟ್ಟಿದ್ದು ರೆಬೆಲ್ಸ್ ಅನ್ನೂ ಕಾರ್ಟೂನ್ ಸೀರೀಸು, ಅದನ್ನ ನೋಡಿದ್ರ ನೀಲಿ ಮಾರಿಯವನ ಹಕೀಕತ್ತು ತಿಳೀತದ. ಖರೇ ಯಾವುದು ಅಂತ ಕೇಳಿದಿ ನೋಡು, ಅದಕ್ಕ ಉತ್ತರ ಸ್ವಲ್ಪ ಉದ್ದ ಐತಿ, ಚಾ ಇಟಗೊಂಡು ಕೂಡು.

2018ರಾಗ ನಮ್ಮ ಮಾಮಾನ ಮಗ ವಿಜಯಪುರದಿಂದ ಸೂಟಿಗೆ ಬೆಳಗಾವಿಗೆ ಬಂದಿದ್ದ, ಇಬ್ಬರೂ ಕೂಡಿ ಸೋಲೋ ಅನ್ನೂ ಸ್ಟಾರ್ ವಾರ್ಸ್ ಸಿನಿಮಾ ನೋಡಿದ್ವಿ. ಸಿನಿಮಾ ಮುಗಿಯೂ ಹೊತ್ನ್ಯಾಗ ಒಬ್ಬಾಕಿ ಯಾರಿಗೋ ಕರೆ ಮಾಡ್ತಾಳ, ಆ ಕಡೆ ಒಬ್ಬ ಮಾರಿ ಮ್ಯಾಲಿನ ಟೊಪ್ಪಿಗಿ ಸರಸ್ತಾನ, ಕೆಂಪು ಮಾರಿ, ತಲಿ ಮ್ಯಾಲ ಕೋಡು. ಹಳೇ ಖಳನಾಯಕ ಡಾರ್ಥ್ ಮಾಲ್! ನಮ್ಮ ಹುಡುಗ ಕುಂತಲ್ಲೇ ಎದ್ದ. "ಇಂವ ಸತ್ತಿದ್ನಲ್ಲೋ! ಎರಡು ತುಂಡಾಗಿ ಬಾವ್ಯಾಗ ಬಿದ್ದಿದ್ನಲ್ಲೋ!" ಹೌದು, 1999ರ ಸಿನಿಮಾದಾಗ ಓಬಿ-ವಾನ್ ಅನ್ನೂ ಒಳ್ಳೇ ಕಡೆಯ ಯೋಧ ಅವನ್ನ ನಡುವಿಗೆ ಕೊಯ್ದಿದ್ದ, ಅದನ್ನ ನಮ್ಮ ಹುಡುಗ ಟಿವಿಯೊಳಗ ಹತ್ತು ಸಲ ನೋಡಿದ್ದ. ಆದ್ರ ಕ್ಲೋನ್ ವಾರ್ಸ್ ಅನ್ನೂ ಕಾರ್ಟೂನ್‌ನ್ಯಾಗ 2012ಕ್ಕ ಅಂವ ತಿರುಗಿ ಬಂದಿದ್ದ, ಸೊಂಟದ ಕೆಳಗ ಜ್ಯಾಡಗತೆ ಕಬ್ಬಿಣದ ಕಾಲು ಹಚಗೊಂಡು. ಅದನ್ನ ನೋಡಿದವ್ರಿಗೆ ಸೋಲೋದ ಆ ಸೀನು ಖುಷಿ, ನೋಡದವ್ರಿಗೆ ಡೈರೆಕ್ಟರ್‌ನ ತಲಿ ಕೆಟ್ಟೈತಿ ಅನಸ್ತದ. ನಮ್ಮ ಹುಡುಗಗ ನಾ ಎಷ್ಟ್ ತಿಳಿಸಿ ಹೇಳಿದ್ರೂ "ಕಾರ್ಟೂನ್‌ನ್ಯಾಗ ಬಂದದ್ದು ಹೆಂಗ ಖರೇ ಆಗ್ತದ?" ಅಂತ ಒಂದ ಹಟ.

ಅವನ ಮಾತಿನ್ಯಾಗೂ ಪಾಯಿಂಟ್ ಐತ್ರಿ. ಒಂದ ಕಥಿ ಸಿನಿಮಾದಾಗ, ಟಿವಿಯೊಳಗ, ಪುಸ್ತಕದಾಗ, ಕಾಮಿಕ್ಸ್‌ನ್ಯಾಗ, ಗೇಮಿನ್ಯಾಗ ಹರಕೊಂಡು ಹೋದಾಗ ಒಂದು ಇನ್ನೊಂದಕ್ಕ ಹೊಂದಬೇಕಲ್ಲ, ಹೊಂದಲಿಲ್ಲಂದ್ರ ಯಾವುದನ್ನ ನಂಬೂದು? ನಮ್ಮ ಕಡೆ ಹೊಲದ ತಕರಾರು ಬಂದ್ರ ಹಿರ್ಯಾರು ಮೊದ್ಲ ಏನ್ ಕೇಳ್ತಾರ? "ಉತಾರದಾಗ ಹೆಸರು ಯಾರದೈತಿ?" ಉತಾರ ಅಂದ್ರ ಹೊಲದ ಪಹಣಿ. ಬೆವರು ಯಾರು ಸುರಿಸ್ಯಾರ, ಬಾವಿ ಯಾರು ತೋಡಿಸ್ಯಾರ ಅನ್ನೂದು ಆಮ್ಯಾಲಿನ ಮಾತು. ಈ ಕ್ಯಾನನ್ ಅಂತಾರಲ್ಲ, ಅಂದ್ರ ಅಧಿಕೃತ ಕಥಿ, ಅದೂ ಉತಾರ ಇದ್ದಂಗ. ಯಾವ ಕಥಿ ಚಲೋ ಐತಿ ಅಂತ ಅದು ಹೇಳೂದಿಲ್ಲ, ಮಾಲಕ ಯಾವುದನ್ನ ದಾಖಲೆಗೆ ಹಿಡದಾನ ಅಂತ ಹೇಳ್ತದ ಅಷ್ಟ.

ಸ್ಟಾರ್ ವಾರ್ಸ್ ಶುರುವಾದದ್ದು 1977ಕ್ಕ, ಮಾರ್ವೆಲ್ ಕಾಮಿಕ್ಸ್ ಅದ ವರ್ಷ ಬಂತು, ಮರುವರ್ಷ ಕಾದಂಬರಿ. ಆವಾಗ ಯಾರೂ ಹೊಂದಿಕಿ ಬಗ್ಗೆ ತಲಿ ಕೆಡಿಸಿಕೊಂಡಿರಲಿಲ್ಲ. ಆ 1978ರ ಕಾದಂಬರಿಯೊಳಗ ಲೂಕ್‌ಗ ಅಂದ್ರ ಹೀರೋಗ, ಹೀರೋಯಿನ್ ಲೇಯಾ ಮ್ಯಾಲ ಮನಸ್ಸು ಅನ್ನೂಹಂಗ ಬರದಾರ, 1983ಕ್ಕ ಸಿನಿಮಾದಾಗ ಇಬ್ಬರೂ ಅಣ್ಣ-ತಂಗಿ ಅಂತ ಗೊತ್ತಾತು. ಹಿಂಗಾದ್ರ ಆ ಕಾದಂಬರಿ ಓದೂವಾಗ ಮುಜುಗರ ಆಗಲಾರದ ಇರ್ತದೇನು.

1991ಕ್ಕ ಟಿಮೊಥಿ ಝಾನ್ ಅನ್ನೂ ಲೇಖಕ ಬಂದ. ಅಷ್ಟೊತ್ತಿಗೆ ಸಿನಿಮಾ ನಿಂತು ಎಂಟು ವರ್ಷ ಆಗಿತ್ತು, ಮಂದಿ ಮರತ್ರು ಅಂತ ತಿಳಕೊಂಡಿದ್ರು, ಆದ್ರ ಅವನ ಕಾದಂಬರಿ ಧೂಳ ಎಬ್ಬಿಸಿ ಮಾರಾಟ ಆತು. ನಿನ್ನ ಥ್ರಾನ್ ಹುಟ್ಟಿದ್ದು ಅಲ್ಲೇ. ಕಾಳಗದಾಗ ಗೆಲ್ಲಬೇಕಂದ್ರ ವೈರಿಗಳ ಚಿತ್ರ, ಶಿಲ್ಪ ನೋಡಿ ಅವರ ಮನಸ್ಸು ಓದೂ ಸೇನಾಪತಿ, ಬಡಬಡ ಒದರೂದಿಲ್ಲ, ತಣ್ಣಗ ಮಾತಾಡ್ತಾನ, ಅದಕ್ಕ ಹೆಚ್ಚು ಹೆದರಿಕಿ ಬರ್ತದ. ರಾಜಧಾನಿ ಗ್ರಹಕ್ಕ ಕೊರಸಾಂಟ್ ಅಂತ ಹೆಸರಿಟ್ಟಾತನೂ ಇವನ, ಆ ಹೆಸರು ಪುಸ್ತಕದಿಂದ ಏರಿ 1999ರ ಸಿನಿಮಾಕ್ಕ ಹೋತು. ಅಂದ್ರ ನೀರು ಮ್ಯಾಲಿಂದ ಕೆಳಗ ಅಷ್ಟ ಅಲ್ಲ, ಕೆಳಗಿಂದ ಮ್ಯಾಲನೂ ಹರದೈತಿ.

ಪುಸ್ತಕ ರಾಶಿ ಬಿದ್ದಂಗ ಬಿದ್ದವು ನೋಡ್ರಿ ಆಮ್ಯಾಲ. ಲೆಕ್ಕ ಇಡಾಕ 2000ಕ್ಕ ಸ್ಟಾರ್ ವಾರ್ಸ್ ಮಾಡೂ ಕಂಪನಿ ಲ್ಯೂಕಾಸ್‌ಫಿಲ್ಮ್‌ನ್ಯಾಗ ಲೆಲ್ಯಾಂಡ್ ಚೀ ಅನ್ನಾವ ಹೋಲೋಕ್ರಾನ್ ಅಂತ ಒಂದು ಡೇಟಾಬೇಸ್ ಶುರು ಮಾಡ್ದ. ಅದ್ರಾಗ ದರ್ಜೆ ಇದ್ದವು. ಎಲ್ಲಾಕಿಂತ ಮ್ಯಾಲ ಜಿ, ಅಂದ್ರ ಸ್ಟಾರ್ ವಾರ್ಸ್ ಹುಟ್ಟಿಸಿದ ಜಾರ್ಜ್ ಲ್ಯೂಕಾಸ್‌ನ ಸಿನಿಮಾ. ಮುಂದ ಟಿವಿ ಸೀರೀಸಿಗೆ ಟಿ ಅಂತ ಒಂದು ಸೇರಿಸಿದ್ರು. ಅದರ ಕೆಳಗ ಸಿ, ಪುಸ್ತಕ ಕಾಮಿಕ್ಸ್ ಎಲ್ಲಾ. ಇನ್ನೂ ಕೆಳಗ ಹಳೇವು, ಲೆಕ್ಕಕ್ಕ ಹಿಡಿಯದಂಥಾವು. ಮ್ಯಾಲಿನವ ಏನರ ಬ್ಯಾರೆ ಅಂದ್ರ ಕೆಳಗಿನಂವ ಸುಮ್ಮಕಿರಬೇಕು, ಅಷ್ಟ ರೂಲು. ಹಿಂಗಾಗಿ ಪುಸ್ತಕದಾಗ ಒಮ್ಮೆ ಸತ್ತಿದ್ದ ಈವನ್ ಪೀಲ್ ಅನ್ನೂ ಜೆಡೈ (ಬೆಳಕಿನ ಖಡ್ಗ ಹಿಡಿಯೂ ಯೋಧ), 2011ಕ್ಕ ಕ್ಲೋನ್ ವಾರ್ಸ್‌ನ್ಯಾಗ ಜೀವಂತ ಬಂದು ಬ್ಯಾರೆ ರೀತಿಯಿಂದ ಮತ್ತ ಸತ್ತ. ಪಾಪ, ಎರಡು ಸಲ ಸಾಯೂದಂದ್ರ.

2012ಕ್ಕ ಡಿಸ್ನಿ ಕಂಪನಿ ಲ್ಯೂಕಾಸ್‌ಫಿಲ್ಮ್ ಖರೀದಿ ಮಾಡ್ತು, ಸುಮಾರು 400 ಕೋಟಿ ಡಾಲರ್ ಕೊಟ್ಟು. ಉತಾರದಾಗ ಹೆಸರು ಬದಲಾತು. ಹೊಸಾ ಸಿನಿಮಾ ಮಾಡೂದಿತ್ತು, ಆದ್ರ ಮುಂದಿನ ಕಥಿ ಪುಸ್ತಕದೊಳಗ ಆಗಲೇ ಮುಗದು ಹೋಗಿತ್ತಲ್ರಿ. ಹಡಗು ಹಾರಿಸೂ ಹ್ಯಾನ್ ಮತ್ತ ಲೇಯಾ ಲಗ್ನ ಆಗಿ ಮೂರು ಮಕ್ಕಳಾಗಿದ್ವು, ಹ್ಯಾನ್ ಜೋಡಿ ಇರೂ ಮೈತುಂಬ ಕೂದಲಿನ ಗೆಳೆಯ ಚ್ಯೂಬಾಕಾ ಸತ್ತಿದ್ದ. ಆದ್ದರಿಂದ 2014ರ ಏಪ್ರಿಲ್ 25ಕ್ಕ ಹೇಳಿಬಿಟ್ರು: ಆರು ಸಿನಿಮಾ, ಕ್ಲೋನ್ ವಾರ್ಸ್, ಇಷ್ಟ ಖರೇ. ಇನ್ನ ಮ್ಯಾಲ ಬರೂ ಪುಸ್ತಕ ಕಾಮಿಕ್ಸ್ ಎಲ್ಲಾನೂ ಖರೇ, ಎಲ್ಲಾ ಒಂದ ದರ್ಜೆ, ಒಂದ ತಂಡ ಕೂತು ಹೊಂದಸ್ತದ. ಹಳೇ ಪುಸ್ತಕಕ್ಕ ಲೆಜೆಂಡ್ಸ್ ಅಂತ ಪಟ್ಟಿ ಬರದು ಮಾರ್ತೀವಿ. ಅಂದ್ರ ದಂತಕಥಿ.

ನನಗ ಆ ಸುದ್ದಿ ಓದಿದಾಗ ಸಿಟ್ಟ್ ಬಂದಿತ್ತು, ಸುಳ್ಳ್ ಯಾಕ್ ಹೇಳ್ಲಿ. ಚ್ಯೂಬಾಕಾ ಸಾಯೂ ಕಾದಂಬರಿ, 1999ರದು, ನಾ ಪುಣೆ ಫುಟ್‌ಪಾತ್‌ನ್ಯಾಗ ರಟ್ಟು ಹರದಿದ್ದ ಪ್ರತಿ ಕೊಂಡು ಬೆಳಗಾವಿ ಬಸ್ಸಿನ್ಯಾಗ ಓದಿದ್ದೆ. ಒಂದು ಚಂದ್ರ ಜಾರಿ ಗ್ರಹದ ಮ್ಯಾಲ ಬೀಳಾಕತ್ತದ, ಚ್ಯೂಬಾಕಾ ಹ್ಯಾನ್‌ನ ಮಗನ್ನ ಹಡಗಿಗೆ ಎತ್ತಿ ಒಗೀತಾನ, ತಾನು ಕೆಳಗ ಉಳೀತಾನ, ಕೈ ಎತ್ತಿ ಬೀಳೂ ಚಂದ್ರನ್ನ ನೋಡಿ ಒದರ್ತಾನ. ನಿಪ್ಪಾಣಿಯೊಳಗ ಬಸ್ ನಿಂತಿತ್ತು, ಎಲ್ಲಾರೂ ಇಳದು ಭಜಿ ತಿನ್ನಾಕತ್ತಿದ್ರು, ನಾ ಕಿಡಕಿ ಬಾಜೂಕ ಕೂತು ಕಣ್ಣ ಒರಸ್ಕೊಂತಿದ್ದೆ. ಪಕ್ಕದ ಅಜ್ಜಿ "ಯಾಕೋ ಯಪ್ಪಾ, ಊರಿಂದ ಏನರ ಸುದ್ದಿ ಬಂತೇನು?" ಅಂತ ಕೇಳಿದ್ಲು. ಏನಂತ ಹೇಳ್ಲಿ ಆಕಿಗೆ? 2015ಕ್ಕ ಹೊಸಾ ಸಿನಿಮಾದಾಗ ಚ್ಯೂಬಾಕಾ ಗಟ್ಟಿಮುಟ್ಟಾಗಿ ಬಂದು ನಿಂತಾಗ ಖುಷಿನೂ ಆತು, ನನ್ನ ಅಳು ಪುಕ್ಕಟ ಹೋತಲ್ಲ ಅಂತನೂ ಅನಿಸ್ತು.

ಆದ್ರ ತಣ್ಣಗ ವಿಚಾರ ಮಾಡಿದ್ರ ಅವರು ಮಾಡಿದ್ದು ಬರೋಬ್ಬರಿನೇ. ನೂರಾರು ಪುಸ್ತಕ ಓದಿದವ್ರಿಗಷ್ಟ ತಿಳಿಯೂ ಸಿನಿಮಾ ಮಾಡಾಕ ಆಗ್ತದೇನು.

ಇನ್ನ ಇದು ಬರೇ ಅಮೇರಿಕಾದ ಆಟ ಅಂತ ತಿಳಕೋಬ್ಯಾಡ. ನಿಮ್ಮ ಜಮಖಂಡಿ ಬಾಜೂಕ ಮುಧೋಳದಾಗ ರನ್ನ ಹುಟ್ಟಿದ್ದಲ್ಲ, ಅವನ ಗದಾಯುದ್ಧ ಓದು, ಭೀಮನ ಹೀರೋ, ಯಾಕಂದ್ರ ಅವನ ಮಾಲಕ ಸತ್ಯಾಶ್ರಯನ್ನ ಭೀಮಗ ಹೋಲಿಸಿ ಬರದಾನ. ಅವನಕಿಂತ ಮೊದ್ಲ 941ಕ್ಕ ಪಂಪ ಅದ ಭಾರತ ಬರದಾಗ ಅರಿಕೇಸರಿ ಸಲುವಾಗಿ ಅರ್ಜುನನ್ನ ಹೀರೋ ಮಾಡ್ಯಾನ, ಎಷ್ಟರ ಮಟ್ಟಿಗಂದ್ರ ದ್ರೌಪದಿ ಐದು ಮಂದಿಗಲ್ಲ, ಅರ್ಜುನಗ ಒಬ್ಬಗ ಹೆಂಡ್ತಿ! ವ್ಯಾಸಭಾರತದ ಕ್ಯಾನನ್ ಮುರದಾನ ಅಂತ ಪಂಪನ್ನ ಯಾರರ ಬೈದಾರೇನು? ಕನ್ನಡ ಮೇಷ್ಟ್ರು ಎರಡನ್ನೂ ಕಲಿಸ್ತಾರ, ಎರಡಕ್ಕೂ ಮಾರ್ಕ್ಸ್ ಅದಾವು.

ಈಗ ಥ್ರಾನ್‌ಗ ಬರ್ತೀನಿ. 2014ಕ್ಕ ಅಂವ ಉತಾರದಿಂದ ಹೋದ. 2016ಕ್ಕ ರೆಬೆಲ್ಸ್‌ನ ಮೂರನೇ ಸೀಸನ್‌ನ್ಯಾಗ ತಿರುಗಿ ತಂದ್ರು, ಅದ ನೀಲಿ ಮಾರಿ, ಅದ ಚಿತ್ರ ನೋಡೂ ಚಟ. 2017ಕ್ಕ ಹಳೇ ಝಾನ್‌ನ್ನ ಕರದು ಹೊಸಾ ಕಾದಂಬರಿ ಬರಸಿದ್ರು. ಅಂದ್ರ ಥ್ರಾನ್ ಖರೇ, ಅವನ 1991ರ ಕಥಿ ಖರೇ ಅಲ್ಲ! ಮನಶ್ಯಾ ಅಂವನ, ಜೀವನ ಬ್ಯಾರೆ. ನಿನ್ನ ಗೆಳ್ಯಾರಿಬ್ಬರ ಮಾತೂ ಇಲ್ಲೇ ಕೂಡ್ತದ ನೋಡು, ಇಬ್ಬರೂ ಸುಳ್ಳ್ ಹೇಳಿಲ್ಲ. ರೆಬೆಲ್ಸ್‌ನ್ಯಾಗ ಅವಂಗ ದನಿ ಕೊಟ್ಟ ಲಾರ್ಸ್ ಮಿಕೆಲ್ಸನ್‌ನ 2023ಕ್ಕ ಅಹ್ಸೋಕಾದಾಗ ನೀಲಿ ಬಣ್ಣ ಬಳಕೊಂಡು ನಿಂತಾನ, ಅದು ನನಗ ಭಾಳ ಸೇರಿದ್ದು.

ಎಲ್ಲಾ ಒಂದ ದರ್ಜೆ ಅಂದ್ರಲ್ಲ, ಅದು ಕಾಗದದ ಮ್ಯಾಲಿನ ಮಾತು. ಪರದೆ ಮ್ಯಾಲ ಬಂದದ್ದ ಕಡೀಕ ಗೆಲ್ತದ. ಕೇನನ್ ಅನ್ನೂ ಜೆಡೈ ಅದಾನ ರೆಬೆಲ್ಸ್‌ನ್ಯಾಗ, ಅವನ ಸಣ್ಣ ವಯಸ್ಸಿನ್ಯಾಗ ಸೈನಿಕ್ರು ತಿರುಗಿಬಿದ್ದು ಅವನ ಗುರುವನ್ನ ಕೊಲ್ಲೂದನ್ನ 2015ರ ಕಾಮಿಕ್ಸ್‌ನ್ಯಾಗ ರಾತ್ರಿ ಬೆಂಕಿ ಕಾಸ್ಕೋಂತ ಕೂತಾಗ ಆತು ಅಂತ ತೋರಿಸ್ಯಾರ. 2021ಕ್ಕ ಬ್ಯಾಡ್ ಬ್ಯಾಚ್ ಸೀರೀಸ್‌ನ ಮೊದಲ ಎಪಿಸೋಡಿನ್ಯಾಗ ಅದ ಘಟನೆ, ಅದ ಗ್ರಹ, ಆದ್ರ ಹಗಲು, ಹಿಮ, ಲಡಾಯಿ ನಡುವ. ಎರಡೂ 2014ರ ಆಮ್ಯಾಲಿನವ, ಎರಡೂ ಅಧಿಕೃತ! ಈಗ ಮಂದಿ ಯಾವುದನ್ನ ಹಿಡದಾರ ಅಂದ್ರ ಸೀರೀಸಿಂದನ್ನ. ನಾನೂ ಅದನ್ನ ಹಿಡೀತೀನಿ, ಕಾಮಿಕ್ಸ್ ಚಲೋ ಐತಿ ಆದ್ರೂ.

ಆದ್ರ ನನಗ ಸಿಟ್ಟ್ ಬರೂದು ಇಂಥಾ ಸಣ್ಣ ಹೊಂದಾಣಿಕಿ ತಪ್ಪಿಗಲ್ಲ. ಕಥಿಯ ನಡೂ ತುಂಡನ್ನ ಒಯ್ದು ಬ್ಯಾರೆ ಕಡೆ ಇಡ್ತಾರ ನೋಡು, ಅದಕ್ಕ. ಮ್ಯಾಂಡಲೋರಿಯನ್ ಎರಡನೇ ಸೀಸನ್ ಮುಗಿಯೂವಾಗ ಗ್ರೋಗು ಕೂಸು ಲೂಕ್‌ನ ಜೋಡಿ ಹೋತು, ಎಲ್ಲಾರೂ ಅತ್ವಿ. ಮೂರನೇ ಸೀಸನ್ ಹಚ್ಚಿದ್ರ ಕೂಸು ಮತ್ತ ಅದನ್ನ ಸಾಕಿದ್ದ ಮ್ಯಾಂಡಲೋರಿಯನ್ ಪಕ್ಕದಾಗ ಕೂತೈತಿ! ಯಾವಾಗ ಬಂತು ಅಂದ್ರ ನಡುವ ಬುಕ್ ಆಫ್ ಬೋಬಾ ಫೆಟ್ ಅನ್ನೂ ಇನ್ನೊಂದು ಸೀರೀಸ್‌ನ ಕಡೀ ಎರಡು ಎಪಿಸೋಡಿನ್ಯಾಗ ಬಂದೈತಿ. ಇದಕ್ಕಿಂತ ಕಡೆ 2019ರ ಸಿನಿಮಾ. ಶುರುವಿಗೆ ಬರೂ ಅಕ್ಷರದಾಗ ಸತ್ತಿದ್ದ ಖಳ ಚಕ್ರವರ್ತಿ ಪಾಲ್ಪಟೀನ್ ಜಗತ್ತಿಗೆ ಸಂದೇಶ ಕೊಟ್ಟ ಅಂತ ಬರೀತದ, ಆ ಸಂದೇಶ ದನಿಯೊಳಗ ಕೇಳಸಿದ್ದು ಎಲ್ಲಿ? ಫೋರ್ಟ್‌ನೈಟ್ ಗೇಮಿನ್ಯಾಗ, ಸಿನಿಮಾ ಬರೂ ಕೆಲ ದಿನ ಮೊದ್ಲ ಒಂದು ಈವೆಂಟ್‌ನ್ಯಾಗ. ಟಿಕೀಟಿಗೆ ರೊಕ್ಕ ಕೊಟ್ಟವ ಗೇಮ್ ಆಡೂ ಹುಡುಗನ್ನ ಹುಡಕ್ಕೊಂಡು ಹೋಗಬೇಕೇನ್ರಿ, ಇದು ಊಟಕ್ಕ ಕರದು ಸಾರು ಪಕ್ಕದ ಮನ್ಯಾಗ ಐತಿ ಅಂದಂಗ.

ಹಂಗಾರ ನೀ ಏನ್ ಮಾಡಬೇಕು. ರೆಬೆಲ್ಸ್ 75 ಎಪಿಸೋಡು, ನಾಕು ಸೀಸನ್, ಒಂದೊಂದು ಇಪ್ಪತ್ತ್ಯೆರಡು ನಿಮಿಷದ ಆಸುಪಾಸು. ಮೊದಲ ಸೀಸನ್ ಸಣ್ಣ ಹುಡುಗೂರದ ಅನಸ್ತದ, ತಡಕೊ, ಎರಡನೇದ್ರ ಕಡೀಕ ಅಹ್ಸೋಕಾ ಮತ್ತ ಡಾರ್ಥ್ ವೇಡರ್ ಎದುರಾಬದರ ನಿಲ್ತಾರ, ಅಲ್ಲಿಂದ ಬಿಡಾಕ ಆಗೂದಿಲ್ಲ. ಥ್ರಾನ್ ಮೂರನೇದಕ್ಕ ಬರ್ತಾನ, ಕಡೀ ಎಪಿಸೋಡಿನ್ಯಾಗ ಅಂವ ಎಲ್ಲಿ ಹೋದ ಅನ್ನೂದ ಅಹ್ಸೋಕಾ ಸೀರೀಸ್‌ನ ಶುರು. ಕ್ಲೋನ್ ವಾರ್ಸ್ 133 ಎಪಿಸೋಡ್ ಐತಿ, ಪುರಸೊತ್ತಿದ್ರ ನೋಡು, ಇಲ್ಲಂದ್ರ ಏಳನೇ ಸೀಸನ್ನಿನ ಕಡೀ ನಾಕು ಎಪಿಸೋಡ್ ತಪ್ಪಿಸಬ್ಯಾಡ. 1991ರ ಝಾನ್ ಕಾದಂಬರಿ ಎಲ್ಲೆರ ಸಿಕ್ರ ಅದನ್ನೂ ಓದು, ಲೆಕ್ಕಕ್ಕಲ್ಲ, ಚಲೋ ಐತಿ ಅಂತ.

ಮಾಮಾನ ಮಗ ಮಾತ್ರ ಇನ್ನೂ ಕಾರ್ಟೂನ್ ನೋಡಿಲ್ಲ. ಮಾಲ್ ಸತ್ತಾನ ಅಂತನ ಹೇಳ್ತಾನ. ರೆಬೆಲ್ಸ್ ಮೂರನೇ ಸೀಸನ್‌ನ್ಯಾಗ ಓಬಿ-ವಾನ್ ಕೈಯಾಗ ಅಂವ ಖರೇವಂದ್ರೂ ಸಾಯ್ತಾನ, ಅದನ್ನ ಹೇಳಿದೆ. "ನಾ ಹೇಳಿದ್ದಿಲ್ಲೇನು?" ಅಂದ.