ತಿದ್ದಿದ ವಯಸ್ಸು: ದಿನ ತುಂಬದೆ ಹುಟ್ಟಿದ ಮಕ್ಕಳ ಎರಡನೇ ಲೆಕ್ಕ

"ಬಾಲೆಗ್ ಏತ್ ತಿಂಗೊಲಾಂಡ್?"

ಮಂಗಳೂರಿನ ಬಸ್ಸಿನಲ್ಲಿ ಮಗುವನ್ನು ಎತ್ತಿಕೊಂಡು ಕೂತರೆ ಪಕ್ಕದವರು ತುಳುವಿನಲ್ಲಿ ಕೇಳುವ ಮೊದಲ ಪ್ರಶ್ನೆ ಇದೇ. ಮಗುವಿಗೆ ಎಷ್ಟು ತಿಂಗಳಾಯಿತು ಅಂತ. ನನ್ನ ಹತ್ತಿರ ಇದಕ್ಕೆ ಎರಡು ಉತ್ತರ ಇರುತ್ತಿತ್ತು. ಹುಟ್ಟಿದ ದಿನದಿಂದ ಎಣಿಸಿದರೆ ಆರು. ಡಾಕ್ಟರ್ ಎಣಿಸಿದರೆ ನಾಲ್ಕು. ಎರಡೂ ನಿಜ. ಈ ಎರಡನೇ ಲೆಕ್ಕಕ್ಕೆ ಆಸ್ಪತ್ರೆಯಲ್ಲಿ ‘ಕರೆಕ್ಟೆಡ್ ಏಜ್’ ಅನ್ನುತ್ತಾರೆ. ಕನ್ನಡದಲ್ಲಿ ತಿದ್ದಿದ ವಯಸ್ಸು.

ಲೆಕ್ಕ ಸುಲಭ. ಬಸಿರಿನ ಪೂರ್ತಿ ಅವಧಿಯನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ 40 ವಾರ ಎಂದು ಹಿಡಿಯುತ್ತಾರೆ. ಮಗು ಎಷ್ಟು ವಾರಕ್ಕೆ ಹುಟ್ಟಿತೋ ಅದನ್ನು 40ರಲ್ಲಿ ಕಳೆಯಬೇಕು. ಬಂದ ಉತ್ತರವನ್ನು ಮಗುವಿನ ಈಗಿನ ವಯಸ್ಸಿನಲ್ಲಿ ಕಳೆಯಬೇಕು. ನನ್ನ ಅವಳಿ ಮಕ್ಕಳು 31 ವಾರಕ್ಕೆ ಹುಟ್ಟಿದವರು, ಅಂದರೆ 9 ವಾರ ಮೊದಲು. ಆರು ತಿಂಗಳೆಂದರೆ 26 ವಾರ. ಅದರಲ್ಲಿ 9 ಹೋದರೆ 17 ವಾರ, ಹತ್ತಿರ ಹತ್ತಿರ ನಾಲ್ಕು ತಿಂಗಳು. 37 ವಾರ ತುಂಬಿ ಹುಟ್ಟಿದ ಮಗುವಿಗೆ ಈ ಲೆಕ್ಕ ಬೇಡ. ಅವಳಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತಾರೆ. ಹಾಗಾಗಿ ಅವರಿಗೆ ಬೇರೆ ಲೆಕ್ಕ ಇದೆಯಾ ಅಂತ ನಾನು ಕೇಳಿದ್ದೆ. ಇಲ್ಲವಂತೆ. ಅವರಿಗೂ 40 ವಾರವೇ.

ಈ ಪದ ಕಿವಿಗೆ ಬೀಳುವ ಮೊದಲೇ ನಾನು ಈ ಲೆಕ್ಕವನ್ನು ದಿನಾ ನೋಡುತ್ತಿದ್ದೆ. ಜುಲೈ ತಿಂಗಳು, ಹೊರಗೆ ಜಡಿಮಳೆ. ಮಗಳು 1,430 ಗ್ರಾಂ, ಮಗ 1,280 ಗ್ರಾಂ. ಇಬ್ಬರನ್ನೂ ಒಂದು ಸಲ ಮುಖ ತೋರಿಸಿ ಎನ್‌ಐಸಿಯುಗೆ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕಕ್ಕೆ ಒಯ್ದರು. ಊರಿಂದ ಫೋನ್ ಮಾಡಿದವರಿಗೆಲ್ಲ ಅತ್ತೆ "ಮಕ್ಕಳನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ" ಅಂತ ಹೇಳುತ್ತಿದ್ದರು. ಮಗುವನ್ನು ಬೆಚ್ಚಗಿಡುವ ಆ ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫೈಲ್. ಫೈಲಿನ ಮೂಲೆಯಲ್ಲಿ ಸಿಸ್ಟರ್ ಪ್ರತಿದಿನ ಎರಡು ಸಂಖ್ಯೆ ಬರೆಯುತ್ತಿದ್ದರು. ಮೇಲೆ, ಹುಟ್ಟಿ 8 ದಿನ. ಕೆಳಗೆ, 32 ವಾರ 1 ದಿನ. ಮಕ್ಕಳು ಹೊರಗೆ ಬಂದಾಯಿತಲ್ಲ, ಬಸಿರಿನ ವಾರ ಇನ್ನೂ ಯಾಕೆ ಎಣಿಸುತ್ತಾರೆ? ನನಗೆ ತಿಳಿಯಲಿಲ್ಲ.

ತಿಳಿದದ್ದು ಹಾಲಿನಿಂದ. ಎರಡು ಗಂಟೆಗೊಮ್ಮೆ ನಾನು ಹಿಂಡಿ ಕೊಟ್ಟ ಹಾಲು ಸಣ್ಣ ಟ್ಯೂಬಿನಲ್ಲಿ ಅವರ ಹೊಟ್ಟೆಗೆ ಹೋಗುತ್ತಿತ್ತು. ಮೊದಲಿಗೆ ಒಂದು ಸಲಕ್ಕೆ 2 ಎಂಎಲ್. ಎದೆಗೆ ಯಾವಾಗ ಕೊಡುವುದು ಅಂತ ಕೇಳಿದರೆ ಸಿಸ್ಟರ್ ಕೆಳಗಿನ ಸಂಖ್ಯೆ ತೋರಿಸಿ, "34 ಆಗಲಿ, ಆಮೇಲೆ ನೋಡುವ" ಅನ್ನುತ್ತಿದ್ದರು. ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಹೊಂದಿಸಿಕೊಳ್ಳಲು ಮಗುವಿಗೆ ಬರುವುದು ಸುಮಾರು 34 ವಾರಕ್ಕೆ. ಹೊಟ್ಟೆಯೊಳಗೆ ಇದ್ದರೂ ಅಷ್ಟೇ, ಹೊರಗೆ ಬಂದರೂ ಅಷ್ಟೇ. ಬೇಗ ಹುಟ್ಟಿದ್ದರಿಂದ ಅದು ಬೇಗ ಬರುವುದಿಲ್ಲ. ಉಸಿರಿನ ಕತೆಯೂ ಹೀಗೇ. ಎಳೆ ಮಿದುಳು ನಡುನಡುವೆ ಉಸಿರು ತೆಗೆದುಕೊಳ್ಳುವುದನ್ನೇ ಮರೆಯುತ್ತದೆ, ಮಾನಿಟರ್ ಕೂಗುತ್ತದೆ. ಅದಕ್ಕೆ ಕೆಫೀನ್ ಔಷಧಿ ಕೊಡುತ್ತಾರೆ, ಕಾಫಿಯಲ್ಲಿರುವ ಅದೇ ಕೆಫೀನ್. ವಾರಗಳು ತುಂಬುತ್ತಾ ಬಂದ ಹಾಗೆ ಮರೆಯುವುದೂ ಕಡಿಮೆಯಾಗುತ್ತದೆ.

33ನೇ ವಾರದಲ್ಲಿ ಮಗಳಿಗೆ ಒಳಲೆಯಲ್ಲಿ ಹಾಲು ಶುರು ಮಾಡಿದರು. ಮೇಲಿನ ಸಂಖ್ಯೆ 21, ಕೆಳಗಿನದು 34 ಆದ ದಿನ ಅವಳನ್ನು ಎದೆಗೆ ಕೊಟ್ಟರು. ನಾಲ್ಕು ಸಲ ಚೀಪಿದಳು. ನಿಲ್ಲಿಸಿದಳು. ಹುಬ್ಬು ಮೇಲೆ ಹೋಯಿತು, ಒಂದು ಉಸಿರು ಎಳೆದುಕೊಂಡಳು. ಮತ್ತೆ ಎರಡು ಸಲ ಚೀಪಿ ನಿದ್ದೆಹೋದಳು. ಮಗನಿಗೆ ಇನ್ನೂ ಆರು ದಿನ ಬೇಕಾಯಿತು. ವಾರ ಒಂದೇ ಆದರೂ ಅವಳಿಗಳು ಒಂದೇ ದಿನ ಎಲ್ಲ ಕಲಿಯುವುದಿಲ್ಲ.

ಇಲ್ಲಿ ಇನ್ನೊಂದು ಪದ ಹೇಳಲೇಬೇಕು. ನಮ್ಮ ಊರಲ್ಲಿ ಕೆಎಂಸಿ ಅಂದರೆ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಎನ್‌ಐಸಿಯು ಒಳಗೆ ಕೆಎಂಸಿ ಅಂದರೆ ಕಾಂಗರೂ ಮದರ್ ಕೇರ್. ಮೊದಲ ಸಲ ಸಿಸ್ಟರ್ "ಇವತ್ತು ಕೆಎಂಸಿ" ಅಂದಾಗ, ಮಕ್ಕಳನ್ನು ಬೇರೆ ಆಸ್ಪತ್ರೆಗೆ ಕಳಿಸುತ್ತಾರೆ ಅಂದುಕೊಂಡು ನನ್ನ ಎದೆ ಧಸಕ್ಕೆಂದಿತ್ತು. ಮಗುವನ್ನು ಬರೀ ಡಯಾಪರ್, ಟೊಪ್ಪಿಯಲ್ಲಿ ತಾಯಿಯ ಅಥವಾ ಅಪ್ಪನ ಬರಿ ಎದೆಗೆ ಒತ್ತಿ, ಬಟ್ಟೆ ಸುತ್ತಿ, ಗಂಟೆಗಟ್ಟಲೆ ಇಟ್ಟುಕೊಳ್ಳುವ ಆರೈಕೆ ಇದು. 1978ರಲ್ಲಿ ಕೊಲಂಬಿಯಾದ ಬೊಗೊಟದಲ್ಲಿ, ಪೆಟ್ಟಿಗೆಗಳು ಸಾಲದ ಆಸ್ಪತ್ರೆಯೊಂದರಲ್ಲಿ ಶುರುವಾದದ್ದು. ಕಾಂಗರೂ ಮರಿ ಹುಟ್ಟುವಾಗ ತೀರಾ ಎಳೆಯದು. ಉಳಿದ ಬೆಳವಣಿಗೆ ತಾಯಿಯ ಚೀಲದಲ್ಲಿ. ಮಗಳು ನನ್ನ ಎದೆಯ ಮೇಲೆ, ಮಗ ಅವನ ಅಪ್ಪನ ಎದೆಯ ಮೇಲೆ. ಉಳಿದ ವಾರಗಳನ್ನು ಅವರು ಅಲ್ಲಿ ತುಂಬಿಸಿಕೊಂಡರು.

ಹಾಗಾಗಿಯೇ ‘ತಿದ್ದಿದ’ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ತಿದ್ದುವುದು ತಪ್ಪನ್ನು. ಇಲ್ಲಿ ಮಕ್ಕಳ ತಪ್ಪೇನಿದೆ? ನನ್ನ ಅಮ್ಮನಿಗೆ ಕರೆಕ್ಟೆಡ್ ಏಜ್ ಅಂದರೆ ಏನೆಂದು ವಿವರಿಸಿದೆ. ಅವರು ಅರೆಗಳಿಗೆ ಯೋಚಿಸಿ, "ಓ, ದಿನ ತುಂಬಿದಲ್ಲಿಂದ ಎಣಿಸುವುದು" ಅಂದರು. ಅಷ್ಟೇ ವಿಷಯ! ದಿನ ತುಂಬಿದ ಬಸುರಿ, ದಿನ ತುಂಬದ ಮಗು ಅಂತ ನಾವು ಮೊದಲಿಂದಲೂ ಹೇಳುತ್ತಾ ಬಂದಿದ್ದೇವೆ. ಆ ಮಾತಿನೊಳಗೇ ಈ ಲೆಕ್ಕ ಇದೆ. ನನಗೆ ಕೊಟ್ಟಿದ್ದ ಹೆರಿಗೆ ತಾರೀಕು ಸೆಪ್ಟೆಂಬರ್ 13. ಆ ಹೊತ್ತಿಗೆ ಇಬ್ಬರೂ ಮನೆಯಲ್ಲಿದ್ದರು. ಬೆಳಿಗ್ಗೆ ಅಮ್ಮ ತೊಟ್ಟಿಲು ಬಗ್ಗಿ ನೋಡಿ, "ಇವತ್ತು ದಿನ ತುಂಬಿತು" ಅಂತ ಇಬ್ಬರ ತಲೆಯನ್ನೂ ಸವರಿದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದು ‘ದಿನ ತುಂಬಿದ ಲೆಕ್ಕ’.

ಯಾವುದಕ್ಕೆ ಯಾವ ಲೆಕ್ಕ ಅನ್ನುವುದು ಗೊತ್ತಿರಬೇಕು. ಇಲ್ಲಿ ಎಡವುವುದು ಸುಲಭ. ಕುತ್ತಿಗೆ ನಿಲ್ಲುವುದು, ಕವುಚಿ ಬೀಳುವುದು, ಕೂರುವುದು, ನಡೆಯುವುದು, ಮಾತು, ಎಲ್ಲ ದಿನ ತುಂಬಿದ ಲೆಕ್ಕದಲ್ಲಿ. ತೂಕ, ಉದ್ದ, ತಲೆಯ ಸುತ್ತಳತೆಯ ಚಾರ್ಟೂ ಹಾಗೆಯೇ. ಈ ಲೆಕ್ಕವನ್ನು ಸಾಮಾನ್ಯವಾಗಿ ಎರಡು ವರ್ಷದವರೆಗೆ ಇಟ್ಟುಕೊಳ್ಳುತ್ತಾರೆ. ಆರು ತಿಂಗಳಾಯಿತಲ್ಲ, ರಾಗಿ ಮಣ್ಣಿ ಕೊಡಲಿಲ್ಲವಾ ಅಂತ ಅತ್ತೆಯ ಅಕ್ಕ ಕೇಳಿದ್ದರು. ಡಾಕ್ಟರ್ ಮಕ್ಕಳ ಕುತ್ತಿಗೆ ನಿಂತದ್ದು ನೋಡಿ, ತಿದ್ದಿದ ವಯಸ್ಸು ನೋಡಿ, ಆಮೇಲೆ ಹೇಳಿದರು. ನಾವು ಕಾದೆವು.

ಲಸಿಕೆ ಮಾತ್ರ ಹುಟ್ಟಿದ ದಿನದ ಲೆಕ್ಕದಲ್ಲಿ. ತೂಕ ತೀರಾ ಕಡಿಮೆ ಇದ್ದರೆ ಹುಟ್ಟಿದ ಕೂಡಲೇ ಕೊಡುವ ಲಸಿಕೆಯನ್ನು ಡಾಕ್ಟರ್ ಸ್ವಲ್ಪ ಮುಂದೆ ಹಾಕಬಹುದು. ಆದರೆ ‘ನಮ್ಮದು ತಿಂಗಳು ತುಂಬದ ಮಗು’ ಅಂತ ನಾವಾಗಿಯೇ ತಡ ಮಾಡಬಾರದು.

ಕಣ್ಣಿನ ಪರೀಕ್ಷೆಯೂ ಹುಟ್ಟಿದ ದಿನದಿಂದಲೇ. ಇದನ್ನು ದಯವಿಟ್ಟು ಮರೆಯಬೇಡಿ. ದಿನ ತುಂಬದ ಮಗುವಿನ ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ರಕ್ತನಾಳಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಹೊರಗೆ ಬಂದ ಮೇಲೆ ಅವು ಅಡ್ಡಾದಿಡ್ಡಿ ಬೆಳೆಯಬಹುದು. ಇದಕ್ಕೆ ಆರ್‌ಒಪಿ ಅನ್ನುತ್ತಾರೆ. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸಮಯಕ್ಕೆ ಸಿಕ್ಕಿದರೆ ಲೇಸರ್ ಅಥವಾ ಇಂಜೆಕ್ಷನ್‌ನಿಂದ ದೃಷ್ಟಿ ಉಳಿಸಬಹುದು. ತಡವಾದರೆ ಕಣ್ಣು ಹೋಗಬಹುದು. ನಮ್ಮ ದೇಶದಲ್ಲಿ 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಹುಟ್ಟಿದ 30 ದಿನದೊಳಗೆ ಮೊದಲ ಪರೀಕ್ಷೆ ಆಗಬೇಕು. 28 ವಾರಕ್ಕಿಂತ ಮೊದಲು ಹುಟ್ಟಿದವರಿಗೆ ಇನ್ನೂ ಬೇಗ, ಎರಡು ಮೂರು ವಾರದಲ್ಲೇ. ಬಾಣಂತನದ ನಲವತ್ತು ದಿನ ಮುಗಿಯಲಿ, ಮಳೆ ಬಿಡಲಿ ಅಂತ ಕಾಯಬಾರದು. ನಮ್ಮ ಮಕ್ಕಳ ಮೊದಲ ಪರೀಕ್ಷೆ ಎನ್‌ಐಸಿಯುನಲ್ಲೇ ಆಯಿತು. ಮನೆಗೆ ಬಂದ ಮೇಲೆ ಮತ್ತೆ ಎರಡು ಸಲ, ಸುರಿಯುವ ಮಳೆಯಲ್ಲಿ ಆಟೋ ಮಾಡಿಕೊಂಡು ಹೋದೆವು.

ಇನ್ನೊಂದು ಮಾತು. ಈ ಲೆಕ್ಕ ಸಮಾಧಾನ ಕೊಡುತ್ತದೆ ಅಂತ ಅದರ ಹಿಂದೆ ಅಡಗಿ ಕೂರುವುದೂ ತಪ್ಪು. ಬೇಗ ಹುಟ್ಟಿದ ವಾರಗಳನ್ನು ಕಳೆದು ಎಣಿಸಿದ ಮೇಲೂ ಮಗು ಎರಡು ತಿಂಗಳಿಗೆ ಮುಖ ನೋಡಿ ನಗದಿದ್ದರೆ, ನಾಲ್ಕು ತಿಂಗಳಿಗೆ ಕುತ್ತಿಗೆ ನಿಲ್ಲದಿದ್ದರೆ, ‘ಬೇಗ ಹುಟ್ಟಿದ್ದಲ್ವಾ’ ಅಂತ ಸುಮ್ನೆ ಇರಬೇಡಿ. ತೋರಿಸಿ. ವ್ಯಾಯಾಮ, ಥೆರಪಿ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.

ಡಿಸ್ಚಾರ್ಜ್ ಕಾಗದದಲ್ಲಿ ಮಗು ಎಷ್ಟು ವಾರಕ್ಕೆ ಹುಟ್ಟಿದ್ದು ಅಂತ ಬರೆದಿರುತ್ತದೆ. ಆ ಕಾಗದ ಮನೆಯ ಕಪಾಟಿನಲ್ಲಿ ಉಳಿಯುತ್ತದೆ. ಹೊಸ ಡಾಕ್ಟರ ಹತ್ತಿರ ಹೋಗುವಾಗ ಕೈಯಲ್ಲಿರುವುದು ಲಸಿಕೆಯ ಕಾರ್ಡ್ ಮಾತ್ರ, ಅದರಲ್ಲಿ ಹುಟ್ಟಿದ ತಾರೀಕು ಮೊದಲು ಕಣ್ಣಿಗೆ ಬೀಳುತ್ತದೆ. ಅದಕ್ಕೇ ನಾನು ಇಬ್ಬರ ಕಾರ್ಡಿನ ಮೇಲೂ ಕಪ್ಪು ಮಾರ್ಕರ್‌ನಲ್ಲಿ ದಪ್ಪಗೆ ಬರೆದಿದ್ದೇನೆ: 31 ವಾರ, ಅವಳಿ. ಅದರ ಕೆಳಗೆ ಸೆಪ್ಟೆಂಬರ್ 13.